ನಾಸ್ ಅವರ ಮೊದಲ ಆಲ್ಬಮ್ ‘ಇಲ್‌ಮ್ಯಾಟಿಕ್’ ಅಷ್ಟು ಚಿಕ್ಕದೇಕೆ?

ನ್ಯೂಯಾರ್ಕ್‌ನ ರ‍್ಯಾಪರ್ ನಾಸ್ ಅವರ ಚೊಚ್ಚಲ ಸ್ಟುಡಿಯೊ ಆಲ್ಬಮ್ ‘ಇಲ್‌ಮ್ಯಾಟಿಕ್’ ಅನ್ನು ಕೊಲಂಬಿಯಾ ರೆಕಾರ್ಡ್ಸ್ ಸಂಸ್ಥೆಯು 1994ರ ಏಪ್ರಿಲ್ 19ರಂದು ಬಿಡುಗಡೆ ಮಾಡಿತು. ಅದರಲ್ಲಿರುವುದು ಒಂದು ಪೀಠಿಕೆ ಮತ್ತು ಒಂಬತ್ತು ಹಾಡುಗಳು. ಒಟ್ಟು ಅವಧಿ ಸುಮಾರು 40 ನಿಮಿಷ.

ಇದಕ್ಕೆ ಮುಖ್ಯ ಕಾರಣ ನಕಲಿ ಪ್ರತಿಗಳ ಹಾವಳಿ. ಬಿಡುಗಡೆಗೆ ಮೊದಲೇ ಹಾಡುಗಳು ಸೋರಿಕೆಯಾಗಿ ಕಳ್ಳಮಾರುಕಟ್ಟೆಯಲ್ಲಿ ಹರಿದಾಡತೊಡಗಿದ್ದರಿಂದ, ಇನ್ನಷ್ಟು ಹಾಡುಗಳನ್ನು ಧ್ವನಿಮುದ್ರಿಸುವ ಆಸೆ ನಾಸ್ ಅವರಿಗಿದ್ದರೂ, ಅಲ್ಲಿಗೇ ನಿಲ್ಲಿಸಿ ಅವಸರದಲ್ಲಿ ಹೊರತರಬೇಕಾಯಿತು. ನನ್ನ ಮಟ್ಟಿಗೆ ಈ ಅವಸರ ಆಲ್ಬಮ್‌ಗೆ ಒಳಿತನ್ನೇ ಮಾಡಿತು, ಏಕೆಂದರೆ ತೆಗೆದುಹಾಕಬಹುದಾದ ಹಾಡು ಅದರಲ್ಲಿ ಒಂದೂ ಇಲ್ಲ.

ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್ ಮುಂತಾದವರು ಸಂಗೀತ ಕಟ್ಟಿಕೊಟ್ಟರು. ಅತಿಥಿಯಾಗಿ ರ‍್ಯಾಪ್ ಮಾಡಿದವರು ಎಝೀ (AZ) ಒಬ್ಬರೇ, ಅದೂ ‘ಲೈಫ್ಸ್ ಎ ಬಿಚ್’ ಹಾಡಿನಲ್ಲಿ. ಅದೇ ಹಾಡಿನ ಕೊನೆಯಲ್ಲಿ ಕೇಳುವ ಕಹಳೆಯ ನಾದ ನಾಸ್ ಅವರ ತಂದೆ, ಜಾಝ್ ವಾದಕ ಓಲು ದಾರಾ ಅವರದು.

‘ದಿ ಸೋರ್ಸ್’ ಪತ್ರಿಕೆ ತನ್ನ ಅತ್ಯುನ್ನತ ಶ್ರೇಣಿಯಾದ ಐದು ಮೈಕ್‌ಗಳನ್ನು ನೀಡಿತು. ಮಾರಾಟ ಮಾತ್ರ ನಿಧಾನವಾಗಿತ್ತು. ಹತ್ತು ಲಕ್ಷ ಪ್ರತಿಗಳ ಪ್ಲಾಟಿನಂ ಮಾನ್ಯತೆ ದೊರೆತದ್ದು 2001ರಲ್ಲಿ.