ಮಾರ್ಚ್ ಬೇರೆ, ನಡಿಗೆ ಬೇರೆ

ಓದುಗರ ಪತ್ರ: ಅಮೆರಿಕದ ಸೇನಾಧಿಕಾರಿ ರಾನ್ ಝಿನ್ ಕುರಿತ ನಿಮ್ಮ ಟಿಪ್ಪಣಿ ಓದಿದೆ. ಒಲಿಂಪಿಕ್ಸ್‌ನಲ್ಲಿ ಆರನೆಯವರಾಗಿ ಬಂದವರಿಗೆ ಇಷ್ಟು ಹೊಗಳಿಕೆ ಬೇಕಿತ್ತೇ? ನಾನೂ ಸೈನ್ಯದಲ್ಲಿದ್ದು ನಿವೃತ್ತನಾದವನು. ದಿನಾ ಮಾರ್ಚ್ ಮಾಡುವವರಿಗೆ ನಡಿಗೆ ಸ್ಪರ್ಧೆ ಏನು ಮಹಾ? ನಮ್ಮ ಸೇನೆಯಲ್ಲಿ ಅಂಥವರು ಇಲ್ಲವೇ?

ಸಂಪಾದಕರ ಉತ್ತರ:

ಮಾನ್ಯರೇ, ಪರೇಡ್ ಮೈದಾನದ ಧೂಳು ಕುಡಿದವರು ನೀವು. ಮಾರ್ಚ್ ಬಗ್ಗೆ ನಿಮಗೆ ಪಾಠ ಹೇಳುವ ಧೈರ್ಯ ನನಗಿಲ್ಲ. ಲೆಕ್ಕ ಮಾತ್ರ ಹಾಕಿ ನೋಡೋಣ. ಅಮೆರಿಕ ಸೇನೆಯ ಮಾಮೂಲಿ ಮಾರ್ಚ್‌ನಲ್ಲಿ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಗಂಟೆಗೆ ಐದೂವರೆ ಕಿಲೋಮೀಟರ್ ಆಯಿತು. ಆ ವೇಗದಲ್ಲಿ 20 ಕಿ.ಮೀ. ಮುಗಿಸಲು ಮೂರೂವರೆ ಗಂಟೆ ದಾಟುತ್ತದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಕೆನ್ ಮ್ಯಾಥ್ಯೂಸ್ ಅಷ್ಟೇ ದೂರವನ್ನು 1 ಗಂಟೆ 29 ನಿಮಿಷ 34 ಸೆಕೆಂಡಿನಲ್ಲಿ ನಡೆದು ಚಿನ್ನ ಗೆದ್ದರು. ಓಡಿದರೂ ಅಷ್ಟರೊಳಗೆ ಮುಗಿಸಲಾಗದವರೇ ನಮ್ಮಲ್ಲಿ ಹೆಚ್ಚು. ನನ್ನನ್ನಂತೂ ಆ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಿ.

ವೇಗದ ಮಾತು ಹಾಗಿರಲಿ, ಮೈಯನ್ನು ಪಳಗಿಸುವ ರೀತಿಯೇ ಬೇರೆ. ಮಾರ್ಚ್‌ನಲ್ಲಿ ಸೊಂಟ ಅಲುಗುವಂತಿಲ್ಲ. ಸ್ಪರ್ಧೆಯ ನಡಿಗೆಗೆ ಸೊಂಟವೇ ಜೀವ. ಹೆಜ್ಜೆಹೆಜ್ಜೆಗೂ ಅದು ಮುಂದಕ್ಕೆ ತಿರುಗಿ ಕೆಳಗಿಳಿಯುತ್ತದೆ, ಎರಡೂ ಪಾದಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬೀಳುತ್ತವೆ, ಮಡಿಸಿದ ಮೊಣಕೈಗಳು ತಾಳ ಹಿಡಿಯುತ್ತವೆ. ನೋಡಿದವರು ನಗುವುದೂ ಇದಕ್ಕೇ. ಸದಾ ಒಂದು ಪಾದ ನೆಲಕ್ಕೆ ತಾಗಿರಬೇಕು, ಅದೂ ತೀರ್ಪುಗಾರರ ಬರಿಗಣ್ಣಿಗೆ ಕಾಣುವಂತೆ. ಮುಂದಿಟ್ಟ ಕಾಲು ನೆಲ ಮುಟ್ಟಿದ ಗಳಿಗೆಯಿಂದ ಮೈ ಅದರ ಮೇಲೆ ನೆಟ್ಟಗಾಗುವವರೆಗೆ ಮೊಣಕಾಲು ಬಾಗಬಾರದೆಂಬ ನಿಯಮ ಇಷ್ಟು ಬಿಗಿಯಾದದ್ದು 1990ರ ದಶಕದಲ್ಲಿ, ಝಿನ್ ಕಾಲದ ನಂತರ. ದಣಿವಾದಾಗ ಓಡಿಬಿಡಲು ಮೈಯೆಲ್ಲ ಹಂಬಲಿಸುತ್ತದೆ. ಓಡಿದರೆ ಹೊರಗೆ.

ಈಗ ಝಿನ್. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದಾಗ ಅವರು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್, ವಯಸ್ಸು 21. ಬಂದದ್ದು 19ನೆಯವರಾಗಿ. 1962ರಲ್ಲಿ ತೇರ್ಗಡೆಯಾಗಿ ಅಧಿಕಾರಿಯಾದರು. ಟೋಕಿಯೊದಲ್ಲಿ ಆರನೆಯವರು. ಅಲ್ಲಿ ಪದಕ ಪಡೆದ ಮೂವರೂ ಯುರೋಪಿನವರು: ಮ್ಯಾಥ್ಯೂಸ್, ಜರ್ಮನಿಯ ಡೀಟರ್ ಲಿಂಡ್ನರ್, ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಗೊಲುಬ್ನಿಚಿ. ಯುರೋಪಿನಲ್ಲಿ ನಡಿಗೆಗೆ ಪರಂಪರೆಯಿತ್ತು. ಅಮೆರಿಕದಲ್ಲಿ ಅದು ಓಟ, ಜಿಗಿತಗಳ ನೆರಳಿನಲ್ಲಿದ್ದ ಆಟ. ನಾನು ಹೊಗಳಿದ್ದು ಅಂಥ ಕಡೆಯಿಂದ ಬಂದು ನಾಲ್ಕು ವರ್ಷದಲ್ಲಿ 13 ಸ್ಥಾನ ಮೇಲೇರಿದ್ದನ್ನು. ಅದನ್ನು ಹಿಂತೆಗೆದುಕೊಳ್ಳುವ ಮನಸ್ಸಿಲ್ಲ.

ಟೋಕಿಯೊ ಮುಗಿದು ಒಂಬತ್ತು ತಿಂಗಳೂ ತುಂಬಿರಲಿಲ್ಲ. 1965ರ ಜುಲೈನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಅವರು ಮಡಿದರು, 26ನೇ ವಯಸ್ಸಿನಲ್ಲಿ. ನಡಿಗೆಯವರಿಗೆ ಅದು ಎಳೆಯ ವಯಸ್ಸು. ಗೊಲುಬ್ನಿಚಿ 36ರಲ್ಲೂ ಒಲಿಂಪಿಕ್ಸ್ ಬೆಳ್ಳಿ ಗೆದ್ದವರು. 1968ರ ಮೆಕ್ಸಿಕೊದಲ್ಲಿ ಅಮೆರಿಕದ ರೂಡಿ ಹಲುಜಾ ನಾಲ್ಕನೆಯವರಾದಾಗ ಅವರಿಗೂ ಮೂವತ್ತೈದು ದಾಟಿತ್ತು. ಅಮೆರಿಕದ ಅತ್ಯುತ್ತಮ ನಡಿಗೆಪಟುವಿಗೆ ಇಂದಿಗೂ ಝಿನ್ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತಾರೆ.

ನಿಮ್ಮ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಸೈನ್ಯ ಕಲಿಸುವ ಸಹನೆ ಈ ಆಟಕ್ಕೆ ಒದಗಿಬರುತ್ತದೆ. ಅದೇ ಮೆಕ್ಸಿಕೊದಲ್ಲಿ ಆ ದೇಶದ ಸೇನೆಯ ಸಾರ್ಜೆಂಟ್ ಹೊಸೆ ಪೆದ್ರಾಸಾ ಮೂರನೆಯವರಾಗಿ ಕ್ರೀಡಾಂಗಣ ಹೊಕ್ಕರು. ತವರಿನ ಜನ ಕೂಗುತ್ತಿದ್ದಂತೆ ಒಬ್ಬರನ್ನು ಹಿಂದಿಕ್ಕಿ, ಗೊಲುಬ್ನಿಚಿಯ ಬೆನ್ನಟ್ಟಿ, ಎರಡು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಚಿನ್ನ ಕಳೆದುಕೊಂಡರು. ಆ ಕೊನೆಯ ಸುತ್ತು ನಡಿಗೆಯೋ ಓಟವೋ ಎಂಬ ಜಗಳವೂ ಎದ್ದಿತು.

ನಮ್ಮ ಸೇನೆಯಲ್ಲೂ ಇದ್ದಾರೆ. ಕೆ.ಟಿ. ಇರ್ಫಾನ್ 2012ರ ಲಂಡನ್‌ನಲ್ಲಿ 20 ಕಿ.ಮೀ.ಯನ್ನು 1 ಗಂಟೆ 20 ನಿಮಿಷ 21 ಸೆಕೆಂಡಿನಲ್ಲಿ ನಡೆದು ರಾಷ್ಟ್ರೀಯ ದಾಖಲೆ ಬರೆದರು. ಬಂದದ್ದು ಹತ್ತನೆಯವರಾಗಿ. ಅವರನ್ನು ಹೊಗಳಿದರೆ ನಿಮ್ಮಿಂದ ಇನ್ನೊಂದು ಪತ್ರ ಬರಲಾರದು ಎಂದುಕೊಂಡಿದ್ದೇನೆ.