ನೆಟ್ ಬಳಕೆ ಇಳಿದ ಮೇಲೆ ಕಂಪ್ಯೂಟರ್ ತಾನಾಗಿಯೇ ಆಫ್ ಆಗುವಂತೆ ಮಾಡುವುದು ಹೇಗೆ?

ರಾತ್ರಿ ಸ್ಟೀಮ್‌ನಲ್ಲಿ (ಗೇಮ್ ಕೊಂಡು ಇಳಿಸಿಕೊಳ್ಳುವ ಪ್ರೋಗ್ರಾಮು) 80 ಜಿಬಿ ಗೇಮ್ ಡೌನ್‌ಲೋಡಿಗೆ ಹಾಕಿ ಮಲಗ್ತೀರಿ, ವಿಂಡೋಸ್ 11, ಡೌನ್‌ಲೋಡ್ ಮುಗಿದು ನೆಟ್ ಸುಮ್ಮನಾದ ಮೇಲೆ ಪಿಸಿ ತಾನೇ ಆಫ್ ಆಗಬೇಕು, ಇಷ್ಟೇ ಅಲ್ವಾ ನೀವು ಕೇಳಿದ್ದು? ಆಗುತ್ತದೆ. ನಾನೂ ಇದನ್ನೇ ಮಾಡಿಕೊಂಡಿದ್ದೇನೆ. ಆದರೆ ನೆಟ್ ಇಳಿಯುವುದನ್ನು ಕಾಯುವುದು ಕೊನೆಯ ದಾರಿ. ಅದಕ್ಕಿಂತ ಸುಲಭದ್ದು ಎರಡಿವೆ, ಮೊದಲು ಅವನ್ನು ನೋಡಿ.

ಒಂದು, ಡೌನ್‌ಲೋಡ್ ಮಾಡುವ ಪ್ರೋಗ್ರಾಮಿಗೇ ಆ ಕೆಲಸ ಬಿಡಿ. ಟೊರೆಂಟ್ ಫೈಲು ಇಳಿಸುವ ಕ್ಯೂಬಿಟ್‌ಟೊರೆಂಟ್‌ನ ಟೂಲ್ಸ್ ಮೆನುವಿನಲ್ಲಿ, ಎಲ್ಲ ಡೌನ್‌ಲೋಡ್ ಮುಗಿದ ಮೇಲೆ ಸಿಸ್ಟಮ್ ಆಫ್ ಮಾಡು ಅನ್ನುವ ಆಯ್ಕೆ ಇದೆ. ಇಂಟರ್ನೆಟ್ ಡೌನ್‌ಲೋಡ್ ಮ್ಯಾನೇಜರ್‌ನಲ್ಲೂ ಇದೆ. ಕೆಲಸ ಮುಗಿಯಿತೋ ಇಲ್ಲವೋ ಅನ್ನುವುದು ಆ ಪ್ರೋಗ್ರಾಮಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಎರಡನೆಯದು ಸೋಮಾರಿಗಳ ಉಪಾಯ. ನಿಮ್ಮದು 40 ಎಂಬಿಪಿಎಸ್ ಕನೆಕ್ಷನ್ ಅಂತಿಟ್ಟುಕೊಳ್ಳಿ, ಸೆಕೆಂಡಿಗೆ 5 ಎಂಬಿ ಬಂತು, ಅಂದ್ರೆ 80 ಜಿಬಿಗೆ ಸುಮಾರು ನಾಲ್ಕೂವರೆ ಗಂಟೆ. ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ತೆಗೆದು ಶಟ್‌ಡೌನ್ ಕಮಾಂಡಿಗೆ ಸ್ಲ್ಯಾಶ್ ಎಸ್, ಸ್ಲ್ಯಾಶ್ ಟಿ, 21600 ಅಂತ ಕೊಟ್ಟು ಮಲಗಿ. 21600 ಅಂದ್ರೆ ಸೆಕೆಂಡಿನಲ್ಲಿ ಆರು ಗಂಟೆ. ಮನಸ್ಸು ಬದಲಾದರೆ ಶಟ್‌ಡೌನ್ ಸ್ಲ್ಯಾಶ್ ಎ ಕೊಡಿ, ರದ್ದಾಗುತ್ತದೆ. ಒಂದೂವರೆ ಗಂಟೆ ಕರೆಂಟು ದಂಡ ಆಗಬಹುದು, ಆಗಲಿ ಬಿಡಿ, ಬರೆಯಬೇಕಾದ್ದು ಒಂದೇ ಸಾಲು.

ಇಲ್ಲ, ನೆಟ್ ನೋಡಿಯೇ ಆಫ್ ಆಗಬೇಕು ಅಂದ್ರೆ ಮುಂದೆ ಓದಿ.

ಕೆಲಸಗಳನ್ನು ತಾನಾಗಿ ಶುರು ಮಾಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಕಂಪ್ಯೂಟರ್ ಸುಮ್ಮನಿದ್ದಾಗ ಓಡಿಸು ಅನ್ನುವ ಷರತ್ತು ಇದೆಯಲ್ಲ, ತುಂಬಾ ಜನ ಅದನ್ನೇ ಹಿಡಿದುಕೊಂಡು ಒದ್ದಾಡುತ್ತಾರೆ. ಅದು ನೋಡುವುದು ಕೀಬೋರ್ಡ್, ಮೌಸ್, ಸಿಪಿಯು, ಡಿಸ್ಕ್. ನೆಟ್ ಕಡೆಗೆ ಅದು ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಚಿಕ್ಕದೊಂದು ಪವರ್‌ಶೆಲ್ ಸ್ಕ್ರಿಪ್ಟ್ ಬೇಕು, ಅಂದ್ರೆ ವಿಂಡೋಸ್‌ನಲ್ಲೇ ಇರುವ ಪವರ್‌ಶೆಲ್ ಓದಿ ನಡೆಸುವ ಆದೇಶಗಳ ಪಟ್ಟಿ. ಗೆಟ್-ನೆಟ್‌ಅಡಾಪ್ಟರ್‌ಸ್ಟ್ಯಾಟಿಸ್ಟಿಕ್ಸ್ ಅನ್ನುವ ಕಮಾಂಡ್, ಆ ನೆಟ್‌ವರ್ಕ್ ಕಾರ್ಡಿಗೆ ಈವರೆಗೆ ಒಟ್ಟು ಎಷ್ಟು ಬೈಟ್ ಬಂತು, ಎಷ್ಟು ಹೋಯಿತು ಅಂತ ಹೇಳುತ್ತದೆ. ನಿಮಿಷಕ್ಕೊಮ್ಮೆ ಬಂದ ಬೈಟಿನ ಲೆಕ್ಕ ತೆಗೆದುಕೊಳ್ಳಿ, ಹಿಂದಿನದನ್ನು ಕಳೆಯಿರಿ, 60ರಿಂದ ಭಾಗಿಸಿ. ವೇಗ ಸಿಕ್ಕಿತು. ಸೆಕೆಂಡಿಗೆ 50 ಕೆಬಿಗಿಂತ ಕಡಿಮೆ ಇದ್ದರೆ ಎಣಿಕೆಗೆ ಒಂದು ಸೇರಿಸಿ, ಜಾಸ್ತಿ ಇದ್ದರೆ ಎಣಿಕೆಯನ್ನು ಮತ್ತೆ ಸೊನ್ನೆಗೆ ತನ್ನಿ. ಎಣಿಕೆ 20 ಮುಟ್ಟಿದಾಗ ಶಟ್‌ಡೌನ್.

ಸೊನ್ನೆ ಆಗುವವರೆಗೆ ಕಾಯುತ್ತೇನೆ ಅಂದ್ರೆ ಬೆಳಗಾಗುತ್ತದೆ. ಏನೂ ಮಾಡದೆ ಕೂತ ಕಂಪ್ಯೂಟರಿಗೂ ಮೇಲ್, ವಾಟ್ಸಾಪ್, ಗಡಿಯಾರ ಸರಿ ಮಾಡಿಕೊಳ್ಳುವುದು, ಮನೆಯ ಟಿವಿ ಮೊಬೈಲುಗಳ ಕೂಗು ಅಂತ ಚೂರುಪಾರು ಬರುತ್ತಲೇ ಇರುತ್ತದೆ. ಅದಕ್ಕೇ 50 ಕೆಬಿ. ಇನ್ನು ಒಂದೇ ನಿಮಿಷ ನೋಡಿ ನಿರ್ಧಾರ ಮಾಡಿದರೆ ಖಂಡಿತ ಎಡವಟ್ಟು. ಅದರಲ್ಲೂ ಸ್ಟೀಮ್‌ನಲ್ಲಿ. ಅದು ಗೇಮನ್ನು ಒತ್ತಿ ಚಿಕ್ಕದು ಮಾಡಿದ ರೂಪದಲ್ಲಿ ತರಿಸಿ, ಇಲ್ಲಿ ಬಿಚ್ಚಿ ಡಿಸ್ಕಿಗೆ ಬರೆಯುತ್ತದೆ. ಹಳೇ ಹಾರ್ಡ್ ಡಿಸ್ಕ್ ಇದ್ದರೆ ಬರೆಯುವುದು ಹಿಂದೆ ಬಿದ್ದು, ನೆಟ್ ಅಷ್ಟು ಹೊತ್ತು ಸುಮ್ಮನೆ ನಿಂತುಬಿಡುತ್ತದೆ. ಡೌನ್‌ಲೋಡ್ ಪುಟದ ಗ್ರಾಫಿನಲ್ಲೇ ಕಾಣುತ್ತದೆ ನೋಡಿ, ನೆಟ್‌ವರ್ಕಿನ ಪಟ್ಟಿ ನೆಲ ಕಚ್ಚಿರುತ್ತದೆ, ಡಿಸ್ಕಿನ ಗೆರೆ ಮಾತ್ರ ಮೇಲೇ ಓಡುತ್ತಿರುತ್ತದೆ. ದೊಡ್ಡ ಗೇಮಿಗೆ ಅಪ್‌ಡೇಟ್ ಬಂದಾಗಲಂತೂ ಬರುವುದು ಒಂದೆರಡು ಜಿಬಿ, ಆಮೇಲೆ ಹಳೇ ಫೈಲು ತಿದ್ದುತ್ತಾ ಅರ್ಧ ಗಂಟೆ ಕೂರುವುದೂ ಉಂಟು. ಕುಕ್ಕರ್ ಸದ್ದು ನಿಂತಿತು ಅಂದ್ರೆ ಅನ್ನ ಆಗಿರಬಹುದು, ಗ್ಯಾಸ್ ಖಾಲಿಯೂ ಆಗಿರಬಹುದು. ಹಾಗಾಗಿ ಹಾರ್ಡ್ ಡಿಸ್ಕ್ ಇರುವವರು 20 ನಿಮಿಷಕ್ಕೆ ಬದಲು 40 ಇಡಿ, ಇಲ್ಲವೇ ಡಿಸ್ಕ್ ಕೂಡ ಸುಮ್ಮನಿದೆಯೇ ಅಂತ ನೋಡುವ ಒಂದು ಸಾಲು ಸೇರಿಸಿ. ನಾನು ಎರಡನೆಯದನ್ನೇ ಹೇಳುತ್ತೇನೆ.

ಎಣಿಕೆ ಶುರು ಮಾಡುವ ಮುಂಚೆ ವೇಗ ಒಮ್ಮೆಯಾದರೂ 50 ಕೆಬಿ ದಾಟಿರಬೇಕು ಅನ್ನುವ ಷರತ್ತನ್ನೂ ಹಾಕಿ. ಇಲ್ಲದಿದ್ದರೆ ಡೌನ್‌ಲೋಡ್ ಸರದಿಯಲ್ಲಿ ಕಾಯುತ್ತಿರುವಾಗಲೇ ಪಿಸಿ ಆಫ್ ಆಗಿಬಿಡುತ್ತದೆ. ಬೈಟಿನ ಹೊಸ ಲೆಕ್ಕ ಹಳೆಯದಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ, ನೆಟ್‌ವರ್ಕ್ ಕಾರ್ಡ್ ಆಫ್ ಆಗಿ ಆನ್ ಆಗಿ ಬೈಟಿನ ಲೆಕ್ಕ ಮೊದಲಿನಿಂದ ಶುರುವಾಗಿರುತ್ತದೆ ಅಷ್ಟೇ, ಆ ಸುತ್ತು ಬಿಟ್ಟುಬಿಡಿ. ಹೋಗುವ ಬೈಟುಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟೊರೆಂಟ್ ಮುಗಿದ ಮೇಲೂ ಸೀಡಿಂಗ್, ಅಂದ್ರೆ ಆ ಫೈಲನ್ನು ಬೇರೆಯವರಿಗೆ ಕಳಿಸುವುದು, ಆಗುತ್ತಿರುತ್ತದೆ, ವಿಂಡೋಸ್ ಕೂಡ ತನ್ನ ಅಪ್‌ಡೇಟಿನ ತುಂಡುಗಳನ್ನು ಬೇರೆಯವರಿಗೆ ಹಂಚುತ್ತಿರಬಹುದು. ಆದರೆ ನಿಮ್ಮ ಪಿಸಿಯಿಂದ ಟಿವಿಗೆ ಸಿನಿಮಾ ಹಾಕಿಕೊಂಡು ಮನೆಯಲ್ಲಿ ಯಾರಾದರೂ ನೋಡುವುದಿದ್ದರೆ ಹೋಗುವುದನ್ನೂ ನೋಡಿ, ಇಲ್ಲದಿದ್ದರೆ ಕ್ಲೈಮ್ಯಾಕ್ಸ್‌ನಲ್ಲಿ ಆಫ್ ಆಗಿ ಬೈಸಿಕೊಳ್ಳುತ್ತೀರಿ.

ನೆಟ್ಟೇ ಹೋದರೆ? ಫೈಬರ್ ಕಟ್ಟಾಯಿತು, ರೌಟರಿಗೆ ಕರೆಂಟು ಹೋಯಿತು, ಆಗಲೂ ಬರುವ ಬೈಟು ಸೊನ್ನೆಯೇ. ಸ್ಟೀಮ್, ಟೊರೆಂಟ್ ಬಿಟ್ಟಲ್ಲಿಂದ ಮುಂದುವರಿಯುತ್ತವೆ, ಅವಕ್ಕೆ ಪರವಾಗಿಲ್ಲ, ಆಫ್ ಆಗಲಿ. ಬ್ರೌಸರಿನಲ್ಲಿ ಲಾಗಿನ್ ಮಾಡಿ ತೆಗೆಯುವ ಫೈಲುಗಳು ಮಾತ್ರ ಎಷ್ಟೋ ಸಲ ಮೊದಲಿನಿಂದ ಶುರುವಾಗುತ್ತವೆ. ಅಂಥದ್ದಕ್ಕೆ ಈ ಸ್ಕ್ರಿಪ್ಟ್ ಬೇಡ.

ಒಂದು ಮಾತು ಯಾರೂ ಹೇಳುವುದಿಲ್ಲ. ಶಟ್‌ಡೌನ್ ಕಮಾಂಡಿಗೆ ಸೊನ್ನೆಗಿಂತ ಜಾಸ್ತಿ ಸಮಯ ಕೊಟ್ಟರೆ, ಬಲವಂತವಾಗಿ ಮುಚ್ಚು ಅನ್ನುವ ಸ್ಲ್ಯಾಶ್ ಎಫ್ ತಾನಾಗಿಯೇ ಸೇರಿಕೊಳ್ಳುತ್ತದೆ. ಸೇವ್ ಮಾಡದ ವರ್ಡ್ ಫೈಲ್ ತೆರೆದಿದ್ದರೆ ಸೇವ್ ಮಾಡಲೇ ಅಂತ ಕೇಳಿಕೊಂಡು ಕೂರುವುದಿಲ್ಲ, ಹೋಯಿತು ಅಂತಲೇ ಲೆಕ್ಕ. ಮೇಲಿನ ಸೋಮಾರಿ ಉಪಾಯಕ್ಕೂ ಇದೇ ಅನ್ವಯ. ಮಲಗುವ ಮುಂಚೆ ಎಲ್ಲ ಸೇವ್ ಮಾಡಿ. ಸ್ಕ್ರಿಪ್ಟಿನಲ್ಲಿ 300 ಸೆಕೆಂಡು ಕೊಡಿ, ಎದುರಿಗೇ ಇದ್ದರೆ ರದ್ದು ಮಾಡಲು ಐದು ನಿಮಿಷ ಸಿಗುತ್ತದೆ.

ಮೊದಲ ರಾತ್ರಿ ಶಟ್‌ಡೌನ್ ಸಾಲನ್ನು ಹಾಕಲೇ ಬೇಡಿ. ಅದರ ಬದಲು ಹೊತ್ತು ಮತ್ತು ವೇಗವನ್ನು ಒಂದು ಟೆಕ್ಸ್ಟ್ ಫೈಲಿಗೆ ಬರೆಸಿ. ಬೆಳಿಗ್ಗೆ ಅದನ್ನು ತೆಗೆದು ನೋಡಿದರೆ ಯಾವಾಗ ಬಿತ್ತು, ಮಧ್ಯೆ ಎಷ್ಟು ಹೊತ್ತು ನಿಂತಿತ್ತು, ಸುಮ್ಮನಿದ್ದಾಗ ಎಷ್ಟು ಬರುತ್ತಿತ್ತು ಎಲ್ಲ ಕಾಣುತ್ತದೆ. ನನ್ನ 50 ಕೆಬಿ, 20 ನಿಮಿಷ ನಿಮ್ಮ ಮನೆಗೆ ಹೊಂದಬೇಕು ಅಂತೇನಿಲ್ಲ, ಆ ಫೈಲ್ ನೋಡಿ ನಿಮ್ಮದನ್ನು ಇಟ್ಟುಕೊಳ್ಳಿ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು ನೆವರ್ ಮಾಡಿಡಿ, ಪಿಸಿ ನಿದ್ದೆಗೆ ಹೋದರೆ ಡೌನ್‌ಲೋಡೂ ನಿಲ್ಲುತ್ತದೆ, ಸ್ಕ್ರಿಪ್ಟೂ ನಿಲ್ಲುತ್ತದೆ. ಸ್ಕ್ರಿಪ್ಟ್ ಓಡಲು ಬಿಡುತ್ತಿಲ್ಲ ಅಂದ್ರೆ ವಿಂಡೋಸ್ ಮೊದಲಿನಿಂದಲೇ ಪವರ್‌ಶೆಲ್ ಸ್ಕ್ರಿಪ್ಟುಗಳನ್ನು ತಡೆದಿರುತ್ತದೆ. ಹಾಗೆ ತಡೆಯುವ ಸೆಟ್ಟಿಂಗ್ ಆದ ಎಕ್ಸಿಕ್ಯೂಶನ್ ಪಾಲಿಸಿಯನ್ನು ಆ ಒಂದು ಸಲಕ್ಕೆ ಮಾತ್ರ ಬೈಪಾಸ್ ಮಾಡಿ, ಪೂರ್ತಿ ತೆಗೆದುಹಾಕಬೇಡಿ.

ನಿಮ್ಮಲ್ಲಿ ಉಬುಂಟು (ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್) ಕೂಡ ಇದೆ ಅಂದಿದ್ದೀರಿ. ಅಲ್ಲಿ ಇನ್ನೂ ಸುಲಭ. ಸಿಸ್, ಕ್ಲಾಸ್, ನೆಟ್ ಫೋಲ್ಡರುಗಳ ಒಳಗೆ ನಿಮ್ಮ ಕಾರ್ಡಿನ ಹೆಸರು, ಅದರ ಸ್ಟ್ಯಾಟಿಸ್ಟಿಕ್ಸ್ ಒಳಗೆ ಆರ್‌ಎಕ್ಸ್ ಬೈಟ್ಸ್ ಅನ್ನುವ ಫೈಲ್ ಇರುತ್ತದೆ. ಅದನ್ನು ಕ್ಯಾಟ್ ಕಮಾಂಡಿನಿಂದ ಓದಿದರೆ ಬರೀ ಒಂದು ಸಂಖ್ಯೆ ಬರುತ್ತದೆ, ಮಿಕ್ಕ ಲೆಕ್ಕ ಎಲ್ಲ ಮೇಲಿನದ್ದೇ. ಡಬ್ಲ್ಯುಗೆಟ್ ಅನ್ನುವ ಡೌನ್‌ಲೋಡ್ ಕಮಾಂಡಿನಲ್ಲಿ ಒಂದೇ ಫೈಲ್ ತೆಗೆಯುವುದಾದರೆ ಅದೂ ಬೇಡ, ಕಮಾಂಡಿನ ಕೊನೆಗೆ ಎರಡು ಆಂಪರ್ಸಂಡ್ ಹಾಕಿ ಸಿಸ್ಟಮ್‌ಸಿಟಿಎಲ್ ಪವರ್‌ಆಫ್ ಅಂತ ಬರೆಯಿರಿ. ಫೈಲ್ ಸರಿಯಾಗಿ ಬಂದರೆ ಮಾತ್ರ ಆಫ್ ಆಗುತ್ತದೆ. ಆಂಪರ್ಸಂಡ್ ಬದಲು ಸೆಮಿಕೋಲನ್ ಹಾಕಿದರೆ ಬಂದರೂ ಆಫ್, ಬರದಿದ್ದರೂ ಆಫ್.