ಜಾಸ್ತಿ ಪಾಯಿಂಟ್ ಹೊಡೆಯುವ ಐವರನ್ನೇ ಇಳಿಸಿದರೂ ಬಾಸ್ಕೆಟ್‌ಬಾಲ್ ಮ್ಯಾಚ್ ಸೋಲುತ್ತೇವೆ. ಲೆಕ್ಕ ಹಾಕಿ ತಂಡ ಆರಿಸುವುದು ಹೇಗೆ?

ನಮಸ್ಕಾರ ಮೇಷ್ಟ್ರೇ. ತೀರ್ಥಹಳ್ಳಿ ಕಡೆಯ ಪಿಯು ಕಾಲೇಜಿನ ತಂಡ, 12 ಹುಡುಗರು, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳ ಹಾಗೆ ಪ್ಲಸ್-ಮೈನಸ್ (ಒಬ್ಬ ಆಟಗಾರ ಆಡುವಾಗ ತಂಡ ಎಷ್ಟು ಪಾಯಿಂಟ್ ಮುಂದೆ, ಹಿಂದೆ ಹೋಯಿತು ಅನ್ನುವ ಲೆಕ್ಕ) ನೋಡಿದರೆ ಸರಿಯಾದ ಐವರು ಸಿಗುತ್ತಾರಾ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಒಂದು ಹುಡುಗರ ತಂಡಕ್ಕೆ ಒಂಬತ್ತು ವರ್ಷದಿಂದ ಮ್ಯಾಚಿನ ಲೆಕ್ಕ ಬರೆಯುತ್ತಿದ್ದೇನೆ. ಲೆಕ್ಕದಿಂದ ಖಂಡಿತ ಉಪಯೋಗ ಇದೆ. ಆದರೆ ಪ್ಲಸ್-ಮೈನಸ್‌ನಿಂದ ಶುರು ಮಾಡಬೇಡಿ. ಮೊದಲು ಸರದಿ ಎಣಿಸಿ.

ಸರದಿ ಅಂದರೆ ಪೊಸೆಷನ್. ಚೆಂಡು ನಮ್ಮ ಕೈಗೆ ಬಂದು, ಎದುರಾಳಿ ಕೈಗೆ ಹೋಗುವ ತನಕ ಒಂದು ಸರದಿ. ಒಂದು ಮ್ಯಾಚಿನಲ್ಲಿ ಎರಡೂ ತಂಡಕ್ಕೆ ಸಿಗುವ ಸರದಿ ಹೆಚ್ಚು ಕಡಿಮೆ ಸಮ. ಹಾಗಾಗಿ ಎಷ್ಟು ಪಾಯಿಂಟ್ ಬಂತು ಅನ್ನುವುದಕ್ಕಿಂತ, ಎಷ್ಟು ಸರದಿಯಲ್ಲಿ ಬಂತು ಅನ್ನುವುದು ಮುಖ್ಯ. ಎಣಿಸುವುದು ಸುಲಭ. ಹೊಡೆದ ಶಾಟ್‌ಗಳಿಂದ (ಬಿದ್ದದ್ದು, ತಪ್ಪಿದ್ದು ಎರಡೂ ಸೇರಿ) ನಮ್ಮದೇ ಶಾಟಿನ ಮೇಲೆ ಹಿಡಿದ ರೀಬೌಂಡ್, ಅಂದರೆ ತಪ್ಪಿ ಬಂದ ಚೆಂಡನ್ನು ನಾವೇ ಮತ್ತೆ ಹಿಡಿದದ್ದು, ಕಳೆಯಿರಿ. ಟರ್ನೋವರ್, ಅಂದರೆ ಶಾಟ್ ಹೊಡೆಯದೆಯೇ ಚೆಂಡು ಎದುರಾಳಿಗೆ ಬಿಟ್ಟುಕೊಟ್ಟದ್ದು, ಸೇರಿಸಿ. ಫ್ರೀ ಥ್ರೋಗಳನ್ನು (ಎದುರಾಳಿ ಫೌಲ್ ಮಾಡಿದಾಗ ಯಾರೂ ತಡೆಯದೆ ಹೊಡೆಯುವ ಶಾಟ್) 0.44 ರಿಂದ ಗುಣಿಸಿ, ಅದನ್ನೂ ಸೇರಿಸಿ. ಸಾಮಾನ್ಯವಾಗಿ ಎರಡು ಫ್ರೀ ಥ್ರೋ ಸೇರಿ ಒಂದು ಸರದಿ, ಬಾಸ್ಕೆಟ್ ಆದ ಮೇಲೆ ಸಿಗುವ ಒಂಟಿ ಫ್ರೀ ಥ್ರೋಗೆ ಬೇರೆ ಸರದಿ ಇಲ್ಲ. ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಒಂದು ಉದಾಹರಣೆ ನೋಡಿ. 60 ಶಾಟ್, 10 ರೀಬೌಂಡ್, 15 ಟರ್ನೋವರ್, 20 ಫ್ರೀ ಥ್ರೋ ಅಂತ ಇಟ್ಟುಕೊಳ್ಳಿ. ಒಟ್ಟು 74 ಸರದಿ ಹತ್ತಿರ ಬರುತ್ತದೆ. ಅದರಲ್ಲಿ 66 ಪಾಯಿಂಟ್ ಬಂದರೆ, ನೂರು ಸರದಿಗೆ 89. ಎದುರಾಳಿಗೂ ಇದೇ ಲೆಕ್ಕ ಹಾಕಿ. ನೀವು ಸೋತಿದ್ದು ಹೊಡೆಯಲು ಬರದೆಯೋ, ತಡೆಯಲು ಬರದೆಯೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಈಗ ನಿಮ್ಮ ಐವರ ವಿಷಯಕ್ಕೆ ಬರೋಣ. ಒಬ್ಬ ಹುಡುಗ 15 ಶಾಟ್ ಹೊಡೆದು 6 ಎರಡು ಪಾಯಿಂಟಿನ ಬಾಸ್ಕೆಟ್ ಹಾಕಿದ, 12 ಪಾಯಿಂಟ್. ಇನ್ನೊಬ್ಬ 8 ಶಾಟ್ ಹೊಡೆದು 3 ಹಾಕಿದ. ಮೂರೂ ದೂರದ ಗೆರೆಯಾಚೆಯಿಂದ, 9 ಪಾಯಿಂಟ್. ಸ್ಕೋರ್ ಶೀಟಿನಲ್ಲಿ ಮೊದಲನೆಯವನೇ ಹೀರೋ. ಆದರೆ ಅವನ ಒಂದು ಶಾಟಿಗೆ ಬಂದಿದ್ದು 0.8 ಪಾಯಿಂಟ್, ಎರಡನೆಯವನ ಶಾಟಿಗೆ 1.1ಕ್ಕೂ ಜಾಸ್ತಿ. ಅಂಗಳದಲ್ಲಿರುವ ಚೆಂಡು ಒಂದೇ ಅಲ್ವಾ? ಜಾಸ್ತಿ ಶಾಟ್ ಹೊಡೆದು ಅಭ್ಯಾಸ ಇರುವ ಐವರನ್ನು ಒಟ್ಟಿಗೆ ಇಳಿಸಿದರೆ ಅವರ ಪಾಯಿಂಟ್‌ಗಳು ಕೂಡಿಕೊಳ್ಳುವುದಿಲ್ಲ. ಐದು ಜನರಿಗೆ ಹಂಚುವಷ್ಟು ಸರದಿಯೇ ಇರುವುದಿಲ್ಲ. ನಿಮ್ಮ ಸೋಲಿಗೆ ಇದೇ ದೊಡ್ಡ ಕಾರಣ ಇರಬಹುದು ಅಂತ ನನಗೆ ಅನಿಸುತ್ತದೆ.

ಅಮೆರಿಕದ ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಅವರು ಗೆಲುವನ್ನು ನಾಲ್ಕು ವಿಷಯಕ್ಕೆ ಇಳಿಸಿದರು: ಶಾಟಿನ ಗುಣ, ಟರ್ನೋವರ್, ನಮ್ಮ ಶಾಟಿನ ಮೇಲಿನ ರೀಬೌಂಡ್, ಫ್ರೀ ಥ್ರೋ. ತೂಕವೂ ಸುಮಾರಾಗಿ ಇದೇ ಕ್ರಮದಲ್ಲಿ, ನೂರಕ್ಕೆ 40, 25, 20, 15. ಅದು ಎನ್‌ಬಿಎ ಆಟ ನೋಡಿ ಹೇಳಿದ್ದು. ನಮ್ಮ ಹುಡುಗರ ಆಟದಲ್ಲಿ ಟರ್ನೋವರ್‌ಗೆ ಇನ್ನೂ ಜಾಸ್ತಿ ತೂಕ ಕೊಡಬೇಕು. ನನ್ನ ಪುಸ್ತಕದಲ್ಲಿ ಸೋತ ಮ್ಯಾಚಿನ ಪುಟ ತೆಗೆದರೆ ಎದ್ದು ಕಾಣುವುದು ಆ ಕಾಲಮ್ಮಿನ ಗೀಟುಗಳೇ. ಶಾಟ್ ತಪ್ಪಿದರೆ ರೀಬೌಂಡ್ ಸಿಗುವ ಆಸೆಯಾದರೂ ಇರುತ್ತದೆ. ಕೈ ಜಾರಿದ ಚೆಂಡಿಗೆ ಅದೂ ಇಲ್ಲ.

ಇನ್ನು ಪ್ಲಸ್-ಮೈನಸ್. ಹುಡುಗ ಅಂಗಳದಲ್ಲಿದ್ದಾಗ ನಾವು ಎಷ್ಟು ಮುಂದೆ ಹೋದೆವು, ಎಷ್ಟು ಹಿಂದೆ ಬಿದ್ದೆವು, ಅಷ್ಟೇ. ಅದರ ತೊಂದರೆ ಏನೆಂದರೆ, ಒಳ್ಳೆಯ ಆಟಗಾರನ ಜೊತೆಗೇ ಯಾವಾಗಲೂ ಇಳಿಯುವವನಿಗೆ ಸುಮ್ನೆ ಪ್ಲಸ್ ಬರುತ್ತದೆ. ಇದನ್ನು ಬಿಡಿಸಲು ಲೆಕ್ಕದ ಪರಿಣತರಾದ ವೇಯ್ನ್ ವಿನ್‌ಸ್ಟನ್ ಮತ್ತು ಜೆಫ್ ಸಾಗರಿನ್ ಅವರು ಎನ್‌ಬಿಎಯ ಡಲ್ಲಾಸ್ ಮ್ಯಾವರಿಕ್ಸ್ ತಂಡಕ್ಕೆ ಹೊಸ ಲೆಕ್ಕ ಮಾಡಿಕೊಟ್ಟರು. ಅಂಗಳದಲ್ಲಿರುವ ಹತ್ತೂ ಜನರನ್ನು ಒಟ್ಟಿಗೆ ಗಣಿತಕ್ಕೆ ಹಾಕಿ, ಒಬ್ಬೊಬ್ಬರ ಪಾಲು ಬೇರೆ ಮಾಡುವ ವಿಧಾನ ಅದು. ಎನ್‌ಬಿಎಯಲ್ಲಿ ಒಂದು ತಂಡ ಸೀಸನ್‌ಗೆ 82 ಮ್ಯಾಚ್ ಆಡುತ್ತದೆ. ಅಷ್ಟಿದ್ದರೂ ಒಂದು ಸೀಸನ್ ಮಾಹಿತಿಯಲ್ಲಿ ಆ ಸಂಖ್ಯೆಗಳು ಓಲಾಡುತ್ತವೆ. ನಿಮ್ಮ ಹತ್ತು ಹದಿನೈದು ಮ್ಯಾಚಿಗೆ ಅದು ಬೇಡ.

ಲೈನ್‌ಅಪ್, ಅಂದರೆ ಒಟ್ಟಿಗೆ ಇಳಿಯುವ ಐವರ ಗುಂಪಿನ ಲೆಕ್ಕ ಇನ್ನೂ ಕಷ್ಟ. 12 ಜನರಲ್ಲಿ ಐವರನ್ನು 792 ರೀತಿಯಲ್ಲಿ ಆರಿಸಬಹುದು. ಒಂದು ಐವರ ಗುಂಪು 6 ನಿಮಿಷ ಒಟ್ಟಿಗೆ ಆಡಿತು ಅಂದುಕೊಳ್ಳಿ. ಮೇಲಿನ ಉದಾಹರಣೆಯ ವೇಗದಲ್ಲಿ (40 ನಿಮಿಷಕ್ಕೆ 74 ಸರದಿ) ಅವರಿಗೆ ಸಿಗುವುದು 11 ಸರದಿ. ಅದರಲ್ಲಿ ಒಂದೇ ಒಂದು ಮೂರು ಪಾಯಿಂಟಿನ ಶಾಟ್ ರಿಂಗಿಗೆ ಬಡಿದು ಹೊರಗೆ ಬಿದ್ದರೆ, ನೂರು ಸರದಿಯ ಲೆಕ್ಕದಲ್ಲಿ 27 ಪಾಯಿಂಟ್ ಹೋಯಿತು! ನಮ್ಮ ತೋಟದ ಮನೆಗಳಲ್ಲಿ ದಿನದಿನದ ಮಳೆ ಅಳೆದು ಬರೆದಿಡುತ್ತಾರಲ್ಲ, ಪುನರ್ವಸುವಿನಲ್ಲಿ ಒಂದು ದಿನ ಐದು ಇಂಚು ಬಿತ್ತು ಅಂತ ಯಾರೂ ಆ ವರ್ಷದ ಮಳೆ ತೀರ್ಮಾನ ಮಾಡುವುದಿಲ್ಲ. ಇಲ್ಲೂ ಹಾಗೆಯೇ ನೋಡಬೇಕು. ಅದರಲ್ಲೂ ಎದುರಾಳಿಯ ದೂರದ ಶಾಟ್ ಬಿದ್ದವೋ ಇಲ್ಲವೋ ಅನ್ನುವುದು ನಮ್ಮ ಹುಡುಗರ ಕೈಯಲ್ಲಿರುವುದು ಬಹಳ ಕಡಿಮೆ.

ಅದಕ್ಕೆ ನಾನು ಐವರನ್ನು ಬಿಟ್ಟು ಜೋಡಿ ನೋಡುತ್ತೇನೆ. 12 ಜನರಲ್ಲಿ ಜೋಡಿ 66 ಮಾತ್ರ, ನಿಜವಾಗಿ ಜಾಸ್ತಿ ಆಡುವ ಎಂಟು ಜನರಲ್ಲಿ 28. ಇಬ್ಬರು ಎತ್ತರದವರು ಒಟ್ಟಿಗೆ ಇದ್ದಾಗ ಹೇಗೆ, ಒಬ್ಬನೇ ಇದ್ದಾಗ ಹೇಗೆ? ಚೆಂಡು ತರುವವರು ಇಬ್ಬರಿದ್ದರೆ ಟರ್ನೋವರ್ ಇಳಿಯುತ್ತದಾ? ಇಂಥ ಪ್ರಶ್ನೆಗೆ ಒಂದು ಸೀಸನ್ ಸಾಕಾಗುತ್ತದೆ.

ನಮ್ಮ ತಂಡದಲ್ಲಿ ಒಬ್ಬ ಹುಡುಗ ಇದ್ದ. ಮ್ಯಾಚಿಗೆ ಎರಡೋ ನಾಲ್ಕೋ ಪಾಯಿಂಟ್. ರೀಬೌಂಡೂ ಅವನ ಹೆಸರಿನಲ್ಲಿ ಹೆಚ್ಚು ಇರಲಿಲ್ಲ. ಅವನನ್ನು ಬೆಂಚಿನಲ್ಲಿ ಕೂರಿಸುವ ಮಾತು ಬಂದಿತ್ತು. ಆದರೆ ಅವನು ಆಡುವಾಗ ಎದುರಾಳಿಗೆ ಎರಡನೇ ಶಾಟ್ ಸಿಗುವುದು ಕಡಿಮೆ ಅಂತ ಪುಸ್ತಕ ಹೇಳುತ್ತಿತ್ತು. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಹಾಕಿ ನೋಡಿದೆವು. ಶಾಟ್ ಮೇಲೆ ಹೋದ ಕೂಡಲೇ ಅವನು ಚೆಂಡು ನೋಡುತ್ತಿರಲಿಲ್ಲ. ತನ್ನ ಎದುರಾಳಿಗೆ ಬೆನ್ನು ಕೊಟ್ಟು ತಡೆದು ನಿಲ್ಲುತ್ತಿದ್ದ. ಚೆಂಡು ಪಕ್ಕದವನ ಕೈಗೆ ಬೀಳುತ್ತಿತ್ತು, ರೀಬೌಂಡ್ ಆ ಪಕ್ಕದವನ ಹೆಸರಿಗೆ ಹೋಗುತ್ತಿತ್ತು. ಎನ್‌ಬಿಎಯ ಹ್ಯೂಸ್ಟನ್ ರಾಕೆಟ್ಸ್ ತಂಡದಲ್ಲಿದ್ದ ಶೇನ್ ಬ್ಯಾಟಿಯೆ ಅವರ ಬಗ್ಗೆಯೂ ಹೀಗೇ ಹೇಳುತ್ತಿದ್ದರು. ಸ್ವಂತ ಅಂಕಿಗಳು ಸಾಧಾರಣ, ಆದರೆ ಅವರು ಆಡುವಾಗ ತಂಡ ಚೆನ್ನಾಗಿ ಆಡುತ್ತಿತ್ತು. ಆ ಪುಟವನ್ನು ನಮ್ಮ ಹುಡುಗನಿಗೆ ತೋರಿಸಿದಾಗ ಅವನ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬರೆಯುವುದಕ್ಕೆ ಇಬ್ಬರು ಬೇಕು. ಒಬ್ಬರು ಆಟ ನೋಡಿ ಕೂಗಿ ಹೇಳಬೇಕು, ಇನ್ನೊಬ್ಬರು ತಲೆ ಎತ್ತದೆ ಬರೆಯಬೇಕು. ಆಟದ ಅಧಿಕೃತ ಸ್ಕೋರ್ ಶೀಟಿನಲ್ಲಿ ತಪ್ಪಿದ ಶಾಟ್, ರೀಬೌಂಡ್, ಟರ್ನೋವರ್ ಯಾವುದೂ ಇರುವುದಿಲ್ಲ, ಹಾಗಾಗಿ ನಿಮ್ಮದೇ ನೋಟ್‌ಬುಕ್ ಇರಲಿ. ಆಟಗಾರ ಬದಲಾದಾಗಲೆಲ್ಲ ಸಮಯ ಮತ್ತು ಆಗಿನ ಸ್ಕೋರ್ ತಪ್ಪದೆ ಬರೆಯಿರಿ. ಜೋಡಿ ಲೆಕ್ಕಕ್ಕೆ ಅದೇ ಆಧಾರ. ಕೋರ್ಟ್ ಹೇಗಿತ್ತು ಅಂತಲೂ ಮೇಲೆ ಒಂದು ಸಾಲು ಇರಲಿ. ಬಯಲು ಕೋರ್ಟಿನಲ್ಲಿ ಮಳೆ ಹನಿದು ಸಿಮೆಂಟ್ ಒದ್ದೆ ಇದ್ದ ದಿನದ ಟರ್ನೋವರ್‌ಗಳನ್ನು ಬೇಸಿಗೆಯ ಪಂದ್ಯದ ಜೊತೆ ಬೆರೆಸಿದರೆ ಹುಡುಗರಿಗೆ ಅನ್ಯಾಯ.

ಮಳೆ ಬಿಟ್ಟ ಮೇಲೆ ನಿಮ್ಮ ಹುಡುಗರನ್ನೇ ಎರಡು ತಂಡ ಮಾಡಿ ಆಡಿಸಿ, ಬರೆಯುವವರಿಗೆ ಅಭ್ಯಾಸ ಮಾಡಿಸಿ. ಮೂರು ಮ್ಯಾಚ್ ಆದಮೇಲೆ ಹೆಸರು ಮುಚ್ಚಿ ಪುಟಗಳ ಫೋಟೋ ಇಲ್ಲೇ ಹಾಕಿ ಮೇಷ್ಟ್ರೇ, ಕೂತು ನೋಡಿ ಹೇಳುತ್ತೇನೆ.